ಓದುಗರ ಪ್ರಶ್ನೆ: ಕರಿನೀರಿಗೆ ಹೋದ ಹೆಂಗಸರು

ಪ್ರಶ್ನೆ: ನಮ್ಮೂರ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಬರೆಯುತ್ತಿದ್ದೇನೆ. 1898ರಲ್ಲಿ ಕೊಲೆ ಕೇಸಿನಲ್ಲಿ ನಮ್ಮ ಕಡೆಯ ಹೆಂಗಸೊಬ್ಬಳಿಗೆ ಕರಿನೀರಿನ ಶಿಕ್ಷೆ ಆಗುತ್ತದೆ. ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ಅವಳು ಎಣ್ಣೆ ಗಾಣ ತಿರುಗಿಸುವ ದೃಶ್ಯ ಇಟ್ಟಿದ್ದೇನೆ. ಸರಿಯೇ? — ಓದುಗರೊಬ್ಬರು, ಕುಂದಾಪುರ

ಉತ್ತರ: ಆ ದೃಶ್ಯ ಕೈಬಿಡಿ. ಸೆಲ್ಯುಲರ್ ಜೈಲು ಕಟ್ಟಲು ಶುರುಮಾಡಿದ್ದು 1896ರಲ್ಲಿ, ಮುಗಿದದ್ದು 1906ರಲ್ಲಿ. ಅದು ಗಂಡಸರ ಜೈಲು, ಗಾಣದ ಕೆಲಸವೂ ಅವರದೇ. ಹೆಂಗಸರ ಜೈಲು ಪೋರ್ಟ್ ಬ್ಲೇರಿನ ಸೌತ್ ಪಾಯಿಂಟಿನಲ್ಲಿ ಬೇರೆಯೇ ಇತ್ತು. ಅಲ್ಲಿನ ಮುಖ್ಯ ಕೆಲಸ ನೇಯ್ಗೆ. ಹಾಗಾಗಿ ರಂಗದ ಮೇಲೆ ಗಾಣದ ಬದಲು ಮಗ್ಗ ಇಡಿ.

ಮೊದಲ ಅಂಕಕ್ಕೂ ಒಂದೆರಡು ಮಾತು. ನಮ್ಮ ಜಿಲ್ಲೆ, ಅಂದರೆ ಆಗಿನ ‘ಸೌತ್ ಕೆನರಾ’, ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಸೆಷನ್ಸ್ ಕೋರ್ಟು ಮಂಗಳೂರಿನಲ್ಲಿ, ಅಪೀಲು ಮದ್ರಾಸ್ ಹೈಕೋರ್ಟಿಗೆ. ಕೊಲೆಗೆ ಕಾನೂನಿನಲ್ಲಿದ್ದದ್ದು ಎರಡೇ ಶಿಕ್ಷೆ: ಗಲ್ಲು, ಇಲ್ಲವೇ ಜೀವಾವಧಿ ಕರಿನೀರು. ಅವಳನ್ನು ಮಂಗಳೂರು ಸ್ಟೇಷನ್ನಿನಲ್ಲಿ ರೈಲು ಹತ್ತಿಸಬೇಡಿ ಮಾರಾಯ್ರೆ, ಇಲ್ಲಿಗೆ ರೈಲು ಬಂದದ್ದೇ 1907ರಲ್ಲಿ.

ನಿಮ್ಮ ನಾಟಕಕ್ಕೆ ನಿಜವಾದ ಕಥಾವಸ್ತು ಇರುವುದು ಬಿಡುಗಡೆಯ ನಿಯಮದಲ್ಲಿ. 1900ರ ಆಸುಪಾಸಿನಲ್ಲಿ ಅದು ಹೀಗಿತ್ತು. ಹೆಂಗಸು ಜೈಲಿನಿಂದ ಹೊರಗೆ ಇರಬೇಕಾದರೆ ಎರಡೇ ದಾರಿ: ಪರವಾನಗಿ ಪಡೆದು ಮನೆಗೆಲಸಕ್ಕೆ ಸೇರುವುದು, ಇಲ್ಲವೇ ಮದುವೆಯಾಗಿ ಗಂಡನ ಜತೆ ಇರುವುದು. ಎರಡಕ್ಕೂ 5 ವರ್ಷ ಕಳೆದಿರಬೇಕು. ಮದುವೆಯಾದವಳು 15 ವರ್ಷಕ್ಕೆ ದ್ವೀಪ ಬಿಡಬಹುದು, ಆಗದವಳು 20 ವರ್ಷ ಅಲ್ಲೇ ಇರಬೇಕು. ಇಷ್ಟು ಕೇಳಿದರೆ ಮದುವೆಯೇ ಲಾಭ ಅನ್ನಿಸುತ್ತದೆ. ಆದರೆ ದಂಪತಿಗಳು ಒಬ್ಬರನ್ನು ಬಿಟ್ಟು ಒಬ್ಬರು ಹೊರಡುವಂತಿಲ್ಲ. ಒಬ್ಬರ ಅವಧಿ ಮುಗಿದರೂ ಇನ್ನೊಬ್ಬರದು ಮುಗಿಯುವ ತನಕ ಕಾಯಬೇಕು.

ಗಂಡಸಿನ ಲೆಕ್ಕ ಬೇರೆ. ಜೀವಾವಧಿ ಕೈದಿಗೆ 10 ವರ್ಷ ಕಳೆದ ಮೇಲೆ ‘ಟಿಕೆಟ್’, ಅಂದರೆ ದ್ವೀಪದಲ್ಲೇ ಜೈಲಿನ ಹೊರಗೆ ದುಡಿದು ಬದುಕುವ ಪರವಾನಗಿ, ಸಿಗುತ್ತಿತ್ತು. ಆಮೇಲೆ ಹಳ್ಳಿಯಲ್ಲಿ ಗದ್ದೆ ಮಾಡಿಕೊಂಡು, ದನ ಸಾಕಿಕೊಂಡು, ಮದುವೆಯಾಗಿ ಇರಬಹುದಿತ್ತು. ಪೂರ್ತಿ ಬಿಡುಗಡೆ 20 ಅಥವಾ 25 ವರ್ಷಕ್ಕೆ. ಈಗ ನಿಮ್ಮ ನಾಯಕಿಯನ್ನು ತೆಗೆದುಕೊಳ್ಳಿ. 1898ರಲ್ಲಿ ಬಂದವಳಿಗೆ 1903ರಲ್ಲಿ ಮದುವೆಯ ಅರ್ಹತೆ, 1913ಕ್ಕೆ ಅವಳ ಅವಧಿ ಮುಗಿಯಿತು. 1893ರಲ್ಲಿ ಬಂದವನನ್ನು ಕಟ್ಟಿಕೊಂಡರೆ, ಅವನದು 20 ವರ್ಷವಾದರೆ ಇಬ್ಬರಿಗೂ 1913ಕ್ಕೇ ಹಡಗು. 25 ಆದರೆ 1918. ಮದುವೆಯೇ ಬೇಡ ಅಂದವಳಿಗೂ 1918! ಅಂದರೆ ಐದು ವರ್ಷದ ರಿಯಾಯಿತಿ ಪೂರ್ತಿ ಮುಳುಗಿತು. ಬೇಗ ಊರು ಸೇರಬೇಕಾದವಳು ಗಂಡಿನ ರೂಪ, ಪ್ರಾಯ ನೋಡುವ ಮೊದಲು ಅವನು ದ್ವೀಪಕ್ಕೆ ಬಂದ ಇಸವಿ ಕೇಳಬೇಕಿತ್ತು. ಆ ಒಂದು ಪ್ರಶ್ನೆಯ ಮೇಲೆ ಎರಡನೇ ಅಂಕ ಪೂರ್ತಿ ನಿಲ್ಲಿಸಬಹುದು.

ದ್ವೀಪದಲ್ಲಿ ಹೆಂಗಸರ ಸಂಖ್ಯೆ ಗಂಡಸರ ಮುಂದೆ ತೀರ ಕಡಿಮೆ. ಆದ್ದರಿಂದ ಗಂಡು ಸಿಗುವುದು ಕಷ್ಟವಾಗುತ್ತಿರಲಿಲ್ಲ, ನಮ್ಮ ಭಾಷೆಯವನು ಸಿಗುವುದು ಕಷ್ಟ. ನಾನಾ ಪ್ರಾಂತ್ಯದವರು ಸೇರಿದ ಅಲ್ಲಿ ವ್ಯವಹಾರ ನಡೆಯುತ್ತಿದ್ದದ್ದು ಒಂದು ಬಗೆಯ ಹಿಂದೂಸ್ತಾನಿಯಲ್ಲಿ. ನಾಯಕಿ ಮೊದಮೊದಲು ಮಾತು ಬಾರದೆ ಕೂತಿರಲಿ, ಮೂರನೇ ಅಂಕದ ಹೊತ್ತಿಗೆ ಅವಳ ಕನ್ನಡದೊಳಗೆ ಹಿಂದೂಸ್ತಾನಿ ನುಗ್ಗಲಿ.

ಪ್ರಶ್ನೆ: ಮಗನ ಮನೆಗೆಂದು ಆಸ್ಟ್ರೇಲಿಯಾದ ಹೋಬಾರ್ಟಿಗೆ ಹೋದಾಗ ‘ಫೀಮೇಲ್ ಫ್ಯಾಕ್ಟರಿ’ ತೋರಿಸಿದರು. ಜೈಲಿಗೆ ಫ್ಯಾಕ್ಟರಿ ಅನ್ನುವುದು ಯಾಕೆ? — ಓದುಗರೊಬ್ಬರು, ಮಣಿಪಾಲ

ಉತ್ತರ: ಅಲ್ಲಿ ಕೆಲಸವೂ ನಡೆಯುತ್ತಿತ್ತು: ಬಟ್ಟೆ ಒಗೆತ, ಹೊಲಿಗೆ, ನೂಲುವುದು. ನೀವು ನೋಡಿದ್ದು ಕ್ಯಾಸ್ಕೇಡ್ಸ್ ಇರಬೇಕು. ಸಾರಾಯಿ ಭಟ್ಟಿಯ ಕಟ್ಟಡವನ್ನು ಮಾರ್ಪಡಿಸಿ 1828ರಲ್ಲಿ ತೆರೆದದ್ದು. 1788ರಿಂದ 1853ರ ತನಕ ಬ್ರಿಟನ್, ಐರ್ಲೆಂಡಿನಿಂದ ಸುಮಾರು 25,000 ಹೆಂಗಸರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಹೆಚ್ಚಿನವರದು ಕಳ್ಳತನದ ಕೇಸು, ಸಾಮಾನ್ಯವಾಗಿ 7 ವರ್ಷದ ಶಿಕ್ಷೆ. ಅವಧಿ ಮುಗಿದರೂ ವಾಪಸು ಹೋಗುವ ಹಡಗಿನ ಖರ್ಚು ಅವರದೇ. ಹಾಗಾಗಿ ಬಹುತೇಕರು ಅಲ್ಲೇ ನಿಂತರು.

ಫ್ಯಾಕ್ಟರಿಯಲ್ಲಿ ಮೂರು ದರ್ಜೆ. ಮೇಲಿನವರನ್ನು ಮನೆಗೆಲಸಕ್ಕೆ ಕೊಡುತ್ತಿದ್ದರು. ಕೆಳದರ್ಜೆಯವರ ಉಡುಪಿನ ಮೇಲೆ ಹಳದಿ ಬಣ್ಣದ ದೊಡ್ಡ ‘ಸಿ’ ಅಕ್ಷರ. ಕೆಲಸಕ್ಕೆ ಹೋದ ಮನೆಯಲ್ಲಿ ಬಸುರಾದವಳನ್ನು ಫ್ಯಾಕ್ಟರಿಗೆ ತಿರುಗಿ ಕಳಿಸುತ್ತಿದ್ದರು. ಹೆತ್ತು, ಮೊಲೆ ಬಿಡಿಸಿದ ಮೇಲೆ ಅವಳಿಗೆ ಶಿಕ್ಷೆ. ಯಜಮಾನನಿಗೆ ಏನೂ ಇಲ್ಲ. ಮಗು ಬದುಕುಳಿದರೆ ಆಮೇಲೆ ಅನಾಥಶಾಲೆಗೆ. ಫ್ಯಾಕ್ಟರಿಯಲ್ಲಿ ಕೂಸುಗಳು ಸಾಯುತ್ತಿದ್ದದ್ದು ಆಗಲೇ ದೊಡ್ಡ ಗುಲ್ಲಾಗಿತ್ತು. ಮದುವೆಗೆ ಅಲ್ಲೂ ಸರ್ಕಾರದ ಅಪ್ಪಣೆ ಬೇಕಿತ್ತು.

ಪ್ರಶ್ನೆ: ನಮ್ಮ ಕುಟುಂಬದ ಹಿರಿಯರೊಬ್ಬರನ್ನು ಅಂಡಮಾನಿಗೆ ಕಳಿಸಿದ್ದರಂತೆ. ದಾಖಲೆ ಎಲ್ಲಿ ಹುಡುಕಲಿ? — ಓದುಗರೊಬ್ಬರು, ಬಂಟ್ವಾಳ

ಉತ್ತರ: ಪೋರ್ಟ್ ಬ್ಲೇರಿನಿಂದ ಶುರುಮಾಡಬೇಡಿ. 1942ರಿಂದ 45ರ ತನಕ ಜಪಾನೀಯರು ಅಲ್ಲಿದ್ದ ಕಾಲದಲ್ಲಿ ಹಳೆಯ ಕಡತಗಳು ಬಹಳಷ್ಟು ಹಾಳಾದವು. ಮೊದಲು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಮದ್ರಾಸ್ ಸರ್ಕಾರದ ನ್ಯಾಯಾಂಗ ಇಲಾಖೆಯ ಕಡತ ಕೇಳಿ. ಆಮೇಲೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಅಲ್ಲಿ ಗೃಹ ಇಲಾಖೆಯ ಪೋರ್ಟ್ ಬ್ಲೇರ್ ವಿಭಾಗ. ಜಿಲ್ಲೆಯನ್ನು ‘ಸೌತ್ ಕೆನರಾ’ ಎಂದೇ ಹುಡುಕಿ. ಹೆಸರನ್ನೇ ನೆಚ್ಚಿ ಹೋದರೆ ಸಿಗುವುದಿಲ್ಲ, ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿರುತ್ತಾರೆ. ಶಿಕ್ಷೆಯಾದ ಇಸವಿ, ಊರು ಇಷ್ಟನ್ನಾದರೂ ಮನೆಯ ಹಿರಿಯರಲ್ಲಿ ಕೇಳಿ ಗುರುತು ಹಾಕಿಕೊಂಡು ಹೊರಡಿ.