ಗಿಂಡಿಯಲ್ಲಿ ಉಳಿದ ಉಪ್ಪು: ಒಂದು ಹಸ್ತಪ್ರತಿಗೆ ಉತ್ತರ

ಪ್ರಿಯ ಬರಹಗಾರರೇ,

ಮುಧೋಳದಿಂದ ತಾವು ಕಳುಹಿಸಿದ ‘ಕಡಲೆಂಬ ವಿಸ್ಮಯ’ ಲೇಖನವನ್ನು ವಿಜಯಪುರದ ನಮ್ಮ ಕಚೇರಿಯಲ್ಲಿ ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಓಟವೂ ಇದೆ. ಆದರೂ ಈಗಿರುವಂತೆ ಅಚ್ಚಿಗೆ ಕೊಡಲಾರೆ. ಎರಡನೆಯ ಪುಟ ಬಿಡುತ್ತಿಲ್ಲ.

ಅಲ್ಲಿನ ಮೊದಲ ವಾಕ್ಯ: ‘ಆಕಾಶದ ನೀಲಿಯನ್ನು ಪ್ರತಿಬಿಂಬಿಸುವುದರಿಂದಲೇ ಸಮುದ್ರ ನೀಲಿಯಾಗಿ ಕಾಣುತ್ತದೆಂದು ವಿಜ್ಞಾನ ಹೇಳುತ್ತದೆ.’ ವಿಜ್ಞಾನ ಹಾಗೆ ಹೇಳುವುದಿಲ್ಲ. ಒಂದು ಕಾಲಕ್ಕೆ ಲಾರ್ಡ್ ರೇಲಿಯಂಥ ದೊಡ್ಡ ವಿಜ್ಞಾನಿ ಹಾಗೆ ನಂಬಿದ್ದರು ನಿಜ. ಆದರೆ 1921ರಲ್ಲಿ ಮೆಡಿಟರೇನಿಯನ್ ಸಮುದ್ರದ ಬಣ್ಣವನ್ನು ಕಂಡ ಸಿ. ವಿ. ರಾಮನ್ ಅದನ್ನು ಒಪ್ಪದೆ, ‘ನಾರ್ಕುಂಡಾ’ ಹಡಗಿನ ಮೇಲೆ ನಿಂತು, ಪ್ರತಿಫಲಿತ ಬೆಳಕನ್ನು ಸೋಸಬಲ್ಲ ನಿಕೋಲ್ ಪಟ್ಟಕವೆಂಬ ಸ್ಫಟಿಕದಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ಆಕಾಶದ ಹೊಳಪು ಅಳಿಯಿತು. ನೀಲಿ ಮತ್ತಷ್ಟು ಗಾಢವಾಯಿತು. ನೀರು ಕೆಂಪು ಬೆಳಕನ್ನು ಹೀರಿಕೊಂಡು ನೀಲಿಯನ್ನು ಚದುರಿಸುತ್ತದೆ. ಲೋಟದಲ್ಲಿ ಗೊತ್ತಾಗದ ಈ ಗುಣ ಆಳದಲ್ಲಿ ಎದ್ದು ಕಾಣುತ್ತದೆ. ಪ್ರತಿಬಿಂಬದ ಮಾತನ್ನು ಅನುಮಾನಿಸಲು ತಾವು ಹಡಗು ಹತ್ತಬೇಕಿರಲಿಲ್ಲ. ಮಳೆ ಹೊಳವಾದ ದಿನ ಕೃಷ್ಣೆಯ ದಂಡೆಯಲ್ಲಿ ನಿಂತರೆ ಮೇಲೆ ತಿಳಿನೀಲಿ ಆಕಾಶ, ಕೆಳಗೆ ಕೆಂಪು ರಾಡಿನೀರು. ಆಕಾಶವೇ ಬಣ್ಣ ಕೊಡುವುದಾದರೆ ನಮ್ಮ ಹೊಳೆಗೇಕೆ ಕೊಡಲಿಲ್ಲ?

ಅದೇ ಪುಟದ ನಡುವೆ ತಮ್ಮ ಅಜ್ಜಿ ಬರುತ್ತಾರೆ. ಗೋಕರ್ಣದಿಂದ ತಾಮ್ರದ ಗಿಂಡಿಯಲ್ಲಿ ಸಮುದ್ರದ ನೀರು ತಂದು ದೇವರ ಮಾಡದಲ್ಲಿಟ್ಟರು. ಬೇಸಿಗೆಯಲ್ಲಿ ನೀರು ಆರಿ ತಳದಲ್ಲಿ ಉಪ್ಪು ಉಳಿಯಿತು. ಇಡೀ ಲೇಖನದಲ್ಲಿ ಸಮುದ್ರ ಇರುವುದು ಇಲ್ಲಿ. ಮುಂದಿನ ಸಾಲಿನಲ್ಲೇ ‘ಆ ಅಂಬುಧಿ, ಆ ಶರಧಿ, ಆ ಜಲಧಿ, ಆ ರತ್ನಾಕರ’ ಎಂದು ಪೇರಿಸಿ ಗಿಂಡಿಯನ್ನು ಮುಚ್ಚಿಬಿಟ್ಟಿದ್ದೀರಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಗಿಂಡಿಯಲ್ಲಿ ಎಷ್ಟು ಉಳಿದಿತ್ತು? ಬೆಳ್ಳಗಿತ್ತೆ, ತಾಮ್ರದ ಕಿಲುಬು ಹತ್ತಿ ಹಸಿರಾಗಿತ್ತೆ? ಅಜ್ಜಿ ಅದನ್ನು ತೊಳೆದರೆ, ಹಾಗೇ ಬಿಟ್ಟರೆ? ಸಮುದ್ರದ ತಡಿಯಲ್ಲಿ ಮನೆ ಮಾಡಿ ನೊರೆತೆರೆಗೆ ಅಂಜಿದರೆ ಹೇಗೆಂದು ಕೇಳುವ ಅಕ್ಕಮಹಾದೇವಿಯ ವಚನದಲ್ಲಿ ಸಮುದ್ರಕ್ಕೆ ಒಂದೂ ವಿಶೇಷಣವಿಲ್ಲ. ಮನೆ, ನೊರೆ, ತೆರೆ, ಅಂಜಿಕೆ, ಇಷ್ಟೇ.

ಈ ತಪ್ಪು ನನಗೆ ಇಷ್ಟು ನಾಟಲು ಕಾರಣವಿದೆ. ಪತ್ರಿಕೆಗೆ ಸೇರಿದ ಹೊಸತರಲ್ಲಿ ಇಲ್ಲಿಯ ಸಿದ್ಧೇಶ್ವರ ಜಾತ್ರೆಯ ವರದಿಯಲ್ಲಿ ‘ಜನಸಾಗರವೇ ಹರಿದುಬಂತು’ ಎಂದು ಬರೆದಿದ್ದೆ. ಹಿರಿಯ ಉಪಸಂಪಾದಕರೊಬ್ಬರು ಹಾಳೆಯನ್ನು ನನ್ನ ಮುಂದಿಟ್ಟು, “ಸಾಗರ ಎಲ್ಲ್ಯರ ಹರೀತದೇನ್ರಿ? ಹರಿಯೂದು ಹೊಳಿ. ನೀವು ಕಣ್ಣೀಲೆ ಏನು ಕಂಡ್ರಿ, ಅದನ್ನ ಬರೀರಿ” ಎಂದರು. ಆ ಸಂಜೆ ಮತ್ತೆ ಜಾತ್ರೆಗೆ ಹೋದೆ. ನೂಕುನುಗ್ಗಲಿನಲ್ಲಿ ಮಗಳ ಒಂಟಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಇನ್ನೊಂದನ್ನು ಹುಡುಕುತ್ತಿದ್ದ ತಂದೆಯನ್ನು ಕಂಡು, ಬಂದು ಅದನ್ನೇ ಬರೆದೆ. ಅವರು ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ.

ಎರಡನೆಯ ಪುಟವನ್ನಷ್ಟೇ ಮತ್ತೆ ಬರೆದು ಕಳುಹಿಸಿ. ಅಜ್ಜಿ ಇದ್ದರೆ ಅವರನ್ನು ಕೇಳಿ. ಗಿಂಡಿ ಇನ್ನೂ ಮನೆಯಲ್ಲಿದ್ದರೆ ಕೆಳಗಿಳಿಸಿ ನೋಡಿ.