ಚರ್ಚಿನ ಪೂಜೆಯಲ್ಲಿ ಅಷ್ಟೊಂದು ಹಾಡು ಯಾಕೆ? ಹೊರಗಿನವರು ಹಾಡಬಹುದಾ?

ನೀವು ಕೆಲಸಕ್ಕೆಂದು ಕಾರವಾರಕ್ಕೆ ಬಂದಿದ್ದೀರಿ, ಗೆಳೆಯರ ಜೊತೆ ಭಾನುವಾರದ ಪೂಜೆಗೆ ಹೋಗಿದ್ದೀರಿ. ಆ ಹಾಡುಗಳು ಪೂಜೆಯ ಭಾಗವಾ, ಇಲ್ಲಾ ಜನರಿಗೆ ಬೇಸರ ಆಗದಿರಲಿ ಅಂತಲಾ, ಕ್ರೈಸ್ತನಲ್ಲದ ನಾನೂ ಹಾಡಬಹುದಾ ಎಂದು ಕೇಳಿದ್ದೀರಿ. ನಾನು ಇಲ್ಲಿಯ ಕೊಂಕಣಿ ಕಥೋಲಿಕ, ಚರ್ಚಿನ ಕೊಯರ್‌ನಲ್ಲಿ, ಅಂದರೆ ಹಾಡುವ ತಂಡದಲ್ಲಿ, ಹಾಡುತ್ತೇನೆ.

ಹಾಡೂ ಪೂಜೆಯೇ. ಒಂದೊಂದು ಹಾಡಿಗೂ ಅದರದೇ ಕೆಲಸ ಇದೆ. ಶುರುವಿನಲ್ಲಿ ದೇವರ ದಯೆ ಬೇಡುತ್ತೇವೆ. ಬೈಬಲಿನ ಮೊದಲ ವಾಚನ ಮುಗಿದ ಮೇಲೆ ಕೀರ್ತನೆ. ಒಬ್ಬರು ಸಾಲು ಹಾಡುತ್ತಾರೆ, ಜನರೆಲ್ಲ ಪಲ್ಲವಿಯಲ್ಲಿ ಉತ್ತರ ಕೊಡುತ್ತಾರೆ. ಬೈಬಲಿನಲ್ಲಿ ಇಂಥ 150 ಕೀರ್ತನೆಗಳಿವೆ, ಯೆಹೂದ್ಯರು ಇಂದಿಗೂ ಅವುಗಳಿಂದಲೇ ಪ್ರಾರ್ಥಿಸುತ್ತಾರೆ. ಶಿಲುಬೆಗೇರುವ ಹಿಂದಿನ ರಾತ್ರಿ, ಕಡೆಯ ಊಟವಾದ ಮೇಲೆ, ಯೇಸುವೂ ಶಿಷ್ಯರೂ ಹಾಡಿಯೇ ಓಲಿವ್ ಗುಡ್ಡದ ಕಡೆ ಹೊರಟರು ಎಂದು ಬೈಬಲಿನ ಮತ್ತಾಯನ ಶುಭಸಂದೇಶದಲ್ಲಿದೆ. ಆ ಒಂದು ಸಾಲು ನನಗೆ ತುಂಬಾ ಇಷ್ಟ. ಸಾವು ಎದುರಿಗಿದ್ದರೂ ಹಾಡು ಬಿಡಲಿಲ್ಲ ಅಲ್ವಾ?

ಹಾಡದೆ ಇರುವುದಕ್ಕೂ ಕಾಲ ಇದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಅಲ್ಲೆಲೂಯ, ಅಂದರೆ ‘ದೇವರನ್ನು ಸ್ತುತಿಸಿ’ ಎನ್ನುವ ಹಾಡು, ಹಾಡುವುದಿಲ್ಲ. ಆಗ ಕೀಬೋರ್ಡ್ ಕೂಡ ಹಾಡಿಗೆ ಆಸರೆಯಾಗಿ ಮಾತ್ರ. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಪೂಜೆಯಲ್ಲಿ ದೇವರನ್ನು ಕೊಂಡಾಡುವ ಮಹಿಮಾ ಗೀತೆ ಆದ ಮೇಲೆ ಗಂಟೆಯೂ ಸುಮ್ಮನಾಗುತ್ತದೆ, ಮತ್ತೆ ಬಾರಿಸುವುದು ಪಾಸ್ಖ ಜಾಗರಣೆಯ, ಅಂದರೆ ಈಸ್ಟರ್ ಹಿಂದಿನ, ರಾತ್ರಿಯೇ. ಅಷ್ಟು ದಿನ ತಡೆದು ಹಾಡುವ ಆ ಅಲ್ಲೆಲೂಯಕ್ಕೆ ಬರುವ ದನಿಯೇ ಬೇರೆ.

1960ರ ದಶಕದವರೆಗೆ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. 1963ರ ಡಿಸೆಂಬರಿನಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆ ಜನರಾಡುವ ಭಾಷೆಗೆ ದಾರಿ ತೆರೆಯಿತು. ಜನ ಬರೀ ನೋಡುತ್ತಾ ಕೂರಬಾರದು, ತಿಳಿದು, ಮನಸ್ಸಿಟ್ಟು ಪಾಲುಗೊಳ್ಳಬೇಕು ಎಂದೂ ಹೇಳಿತು. ಕೊಯರ್‌ನವರು ಇದನ್ನು ಮರೆಯಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಬ್ಬ ಬಂತೆಂದರೆ ಯೂಟ್ಯೂಬ್ ನೋಡಿ ಕಷ್ಟದ ಹೊಸ ಹಾಡು ಆರಿಸುವುದು, ಮೈಕ್ ಜೋರು ಮಾಡುವುದು ಈಗ ಜಾಸ್ತಿಯಾಗಿದೆ. ಹಾಡು ಚೆನ್ನಾಗಿಯೇ ಇರುತ್ತದೆ, ಆದರೆ ಬೆಂಚಿನಲ್ಲಿದ್ದವರ ಬಾಯಿ ಮುಚ್ಚಿರುತ್ತದೆ. ನೋಡಿದರೆ ಸಂಕಟವಾಗುತ್ತದೆ. ಬೆಳಗಿನ ಪೂಜೆಗೆ ಬರುವ ಅಜ್ಜಿಯಂದಿರ ದನಿಗೆ ನಿಲುಕುವ ಶ್ರುತಿಯಲ್ಲಿ, ಅವರಿಗೆ ಬಾಯಿಪಾಠ ಇರುವ ಹಾಡು ಎತ್ತಿಕೊಳ್ಳಿ. ಇಡೀ ಚರ್ಚ್ ತುಂಬಿ ಹಾಡುತ್ತದೆ.

ಹಾಗಾಗಿ ನೀವೂ ಧಾರಾಳವಾಗಿ ಹಾಡಿ. ದನಿ ಹೇಗಿದ್ದರೂ ಪರವಾಗಿಲ್ಲ. ಕೊಂಕಣಿ ಹಾಡನ್ನೂ ನಾವು ಕನ್ನಡ ಲಿಪಿಯಲ್ಲೇ ಓದುತ್ತೇವೆ, ಪಕ್ಕದವರ ಪುಸ್ತಕ ನೋಡಿ ಹಾಡಬಹುದು. ಮೊದಲು ಕೀರ್ತನೆಯ ಪಲ್ಲವಿಗೆ ದನಿ ಸೇರಿಸಿ, ಚಿಕ್ಕದು, ಮತ್ತೆ ಮತ್ತೆ ಬರುತ್ತದೆ. ಎಲ್ಲರ ಜೊತೆ ಏಳಿ, ಕೂರಿ. ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ, ಸಾಲು ಹೊರಟಾಗ ಮಾತ್ರ ನಿಮ್ಮ ಜಾಗದಲ್ಲೇ ಇರಿ, ಅದು ಕಥೋಲಿಕ ವಿಶ್ವಾಸಿಗಳಿಗೆ. ಆಗ ನಡೆಯುವ ಹಾಡನ್ನು ಕೂತಲ್ಲಿಂದಲೇ ಹಾಡಬಹುದು, ಯಾರೂ ಬೇಡ ಅನ್ನುವುದಿಲ್ಲ.