ಸರ್ನ್‌ಗೆ ಪೋಸ್ಟ್‌ಡಾಕ್‌ಗೆ ಬರೋ ಮುಂಚೆ

ಜರ್ಮನಿಯ ಒಂದು ಯೂನಿವರ್ಸಿಟಿಯಿಂದ ಎರಡು ವರ್ಷದ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ್ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ) ಆಫರ್ ಬಂದಿದೆ, ಜಿನೀವಾ ಹತ್ರದ ಕಣ ಭೌತಶಾಸ್ತ್ರದ ಪ್ರಯೋಗಾಲಯ ಸರ್ನ್‌ನಲ್ಲೇ ಇದ್ದು, ಪ್ರೋಟಾನ್ ಡಿಕ್ಕಿಗಳನ್ನ ದಾಖಲಿಸೋ ದೊಡ್ಡ ಡಿಟೆಕ್ಟರ್ ಇರೋ ಸಿಎಂಎಸ್ ಎಕ್ಸ್‌ಪೆರಿಮೆಂಟಲ್ಲಿ ಕೆಲಸ ಮಾಡ್ಬೇಕಂತೆ, ಒಪ್ಕೊಳ್ಲಾ ಅಕ್ಕಾ, ಅಲ್ಲಿ ಜೀವನ ಹೆಂಗಿರತ್ತೆ ಅಂತ ಕೇಳಿದೀಯ. ನಾನು 2015ರಲ್ಲಿ ಬಂದೋಳು ಕಣಮ್ಮ, ಎರಡು ಪೋಸ್ಟ್‌ಡಾಕ್ ಮಾಡಿ ಆಮೇಲೆ ಇಲ್ಲೇ ನೆಲೆ ನಿಂತೆ. ನಂಗೆ ಆಗ ಯಾರೂ ಹೇಳದೇ ಇದ್ದಿದ್ದನ್ನ ಮೊದಲು ಹೇಳ್ಬಿಡ್ತೀನಿ.

ಆ "ಎರಡು ವರ್ಷ" ಅನ್ನೋದನ್ನ ಸರಿಯಾಗಿ ನೋಡು. ಇಲ್ಲಿ ಒಂದು ಅನಾಲಿಸಿಸ್, ಅಂದ್ರೆ ಡೇಟಾದಲ್ಲಿ ಒಂದು ಹುಡುಕಾಟ, ಶುರು ಮಾಡಿದ್ರೆ ಪೇಪರ್ ಆಗೋಕೆ ಎರಡೂವರೆ ಮೂರು ವರ್ಷ ಹಿಡಿಯೋದು ಮಾಮೂಲು. ಸಿಗ್ನಲ್ (ನಾವು ಹುಡುಕ್ತಿರೋದು) ಇರಬಹುದು ಅನ್ನೋ ಜಾಗದ ಡೇಟಾನ ಮೊದಲೇ ನೋಡೋ ಹಂಗೇ ಇಲ್ಲ, ಅಕ್ಕಪಕ್ಕದ ಜಾಗಗಳಿಂದ ಬ್ಯಾಕ್‌ಗ್ರೌಂಡ್ (ಅದರ ಥರಾನೇ ಕಾಣೋ ಬೇರೆ ಘಟನೆಗಳು) ಎಷ್ಟು ಅಂತ ಲೆಕ್ಕ ಹಾಕಿ, ಅದನ್ನ ಒಳಗಿನ ರಿವ್ಯೂ ಕಮಿಟಿ ಮುಂದಿಟ್ಟು, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಸರಿ ಅಂದ್ಮೇಲೇನೇ ಅನ್‌ಬ್ಲೈಂಡ್ ಮಾಡೋದು, ಅಂದ್ರೆ ಆ ಡೇಟಾ ತೆರೆದು ನೋಡೋದು. ಈ ಕಡೆ ಮುಂದಿನ ಕೆಲಸಕ್ಕೆ ಅರ್ಜಿ ಹಾಕೋ ಸೀಸನ್ ಸೆಪ್ಟೆಂಬರಿಂದ ಡಿಸೆಂಬರ್, ಅಂದ್ರೆ ಬಂದು ಒಂದು ವರ್ಷ ಆಗೋದ್ರೊಳಗೆ ಏನೋ ಒಂದು ಕೈಯಲ್ಲಿರಬೇಕು. ನನ್ನ ಮೊದಲ ಪೋಸ್ಟ್‌ಡಾಕ್ ಹಂಗೇ ಕೈತಪ್ಪಿತು. ಒಂದೂವರೆ ವರ್ಷ ಕೂತು ಮಾಡಿದ ಬ್ಯಾಕ್‌ಗ್ರೌಂಡ್ ಎಸ್ಟಿಮೇಟ್‌ನ ಕಾನ್ಫರೆನ್ಸಲ್ಲಿ ಹೇಳಿದ್ದು ನನ್ನ ಜಾಗಕ್ಕೆ ಬಂದ ಇನ್ನೊಬ್ಬರು. ಪೇಪರಲ್ಲಿ ನನ್ನ ಹೆಸರಿದೆ, ಎರಡು ಸಾವಿರಕ್ಕೂ ಹೆಚ್ಚು ಹೆಸರುಗಳ ನಡುವೆ, ಯಾರು ಏನು ಮಾಡಿದ್ರು ಅಂತ ಅದರಲ್ಲಿ ಗೊತ್ತಾಗಲ್ಲ. ಬಹಳ ಅತ್ತಿದೀನಿ ಆಗ.

ಆ ಪಟ್ಟಿ ನೋಡಿ ಯಾರೂ ಕೆಲಸ ಕೊಡಲ್ಲ. ಶಿಫಾರಸು ಲೆಟರ್ ಬರೆಯೋರು "ಈ ಭಾಗ ಇವಳೇ ಮಾಡಿದ್ದು, ನಾನು ನೋಡಿದೀನಿ" ಅಂತ ಬರೀಬೇಕು. ಅದಕ್ಕೆ ಒಪ್ಕೊಳ್ಳೋ ಮುಂಚೆ ಗ್ರೂಪಿನವರನ್ನ ನೇರವಾಗಿ ಕೇಳು: ಮೂರನೇ ವರ್ಷ ಇದೆಯಾ, ಇದ್ರೆ ಬರವಣಿಗೇಲಿ ಕೊಡ್ತೀರಾ, ಡಿಟೆಕ್ಟರ್‌ನಲ್ಲಿ ನನ್ನದು ಅಂತ ಯಾವ ಜವಾಬ್ದಾರಿ ಇರತ್ತೆ. ಈ ಕೊನೇದಕ್ಕೆ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ನಾನಾಗಿದ್ರೆ ಹೋಗಲ್ಲ, ಸರ್ನ್ ಹೆಸರು ಎಷ್ಟೇ ದೊಡ್ಡದಿರಲಿ.

ನನ್ನ ಕೈ ಹಿಡಿದಿದ್ದು ಎರಡನೇ ಪೋಸ್ಟ್‌ಡಾಕಲ್ಲಿ ಸಿಕ್ಕ ಟ್ರಿಗರ್ ಕೆಲಸ, ಅಂದ್ರೆ ಯಾವ ಡಿಕ್ಕಿಯ ಡೇಟಾ ಇಟ್ಕೋಬೇಕು ಅಂತ ಆಗಿಂದಾಗ್ಲೇ ತೀರ್ಮಾನಿಸೋ ವ್ಯವಸ್ಥೆ ನೋಡ್ಕೊಳ್ಳೋದು. ಸೆಕೆಂಡಿಗೆ 4 ಕೋಟಿ ಸಲ ಪ್ರೋಟಾನ್ ಗುಂಪುಗಳು ಎದುರುಬದುರು ಹಾದು ಹೋಗ್ತವೆ, ಮೊದಲ ಹಂತದ ಟ್ರಿಗರ್ ಅದರಲ್ಲಿ ಒಂದು ಲಕ್ಷದಷ್ಟು ಮಾತ್ರ ಇಟ್ಕೊಳ್ಳತ್ತೆ, ಬಿಟ್ಟಿದ್ದು ಹೋಯ್ತು, ಮತ್ತೆ ಸಿಗಲ್ಲ. ರಾತ್ರಿ ಮೂರು ಗಂಟೆಗೆ ಆನ್‌ಕಾಲ್ ಫೋನ್ ಬಂದು, ಡಿಟೆಕ್ಟರ್‌ನ ಯಾವುದೋ ಒಂದು ಚಾನೆಲ್ ನಾಯ್ಸಿ ಆಗಿ (ಸುಳ್ಳು ಸಿಗ್ನಲ್ ಕೊಟ್ಟು) ಟ್ರಿಗರ್ ರೇಟ್ ಏರ್ತಿದೆ ಅಂದಾಗ ಫ್ರಾನ್ಸಿನ ಸೆಸ್ಸಿ ಊರಲ್ಲಿರೋ ಸಿಎಂಎಸ್ ಕಂಟ್ರೋಲ್ ರೂಮಿಗೆ ಓಡಿ ಅದನ್ನ ಮಾಸ್ಕ್ ಮಾಡಿ, ಅಂದ್ರೆ ಲೆಕ್ಕದಿಂದ ಹೊರಗಿಟ್ಟು, ನಡೀತಿರೋ ಡೇಟಾ ರನ್ ಉಳಿಸಿದಾಗ ಆಗೋ ಸಂತೋಷ ನಂಗೆ ಯಾವ ಪೇಪರಲ್ಲೂ ಸಿಕ್ಕಿಲ್ಲ. ನೂರು ಮೀಟರ್ ಕೆಳಗೆ ಡಿಟೆಕ್ಟರ್, ಮೇಲೆ ನಾವು ನಾಲ್ಕೈದು ಜನ. ನಂಗೆ ಲೆಟರ್ ಬರೆದವರು ಆ ರಾತ್ರಿಗಳಲ್ಲಿ ಪಕ್ಕದಲ್ಲಿದ್ದವರೇ.

ಪ್ರೋಟಾನ್‌ಗಳನ್ನ ಡಿಕ್ಕಿ ಹೊಡೆಸೋ ಯಂತ್ರ ಎಲ್‌ಎಚ್‌ಸಿಗೆ 2026ರ ಮಧ್ಯದಿಂದ ಲಾಂಗ್ ಶಟ್‌ಡೌನ್, ಇನ್ನೂ ಹೆಚ್ಚು ಡಿಕ್ಕಿ ಕೊಡೋ ಹೈ-ಲ್ಯುಮಿನಾಸಿಟಿ ಎಲ್‌ಎಚ್‌ಸಿ 2030ರ ಹೊತ್ತಿಗೆ ಅಂತ ಪ್ಲಾನು, ಡೇಟಾನೇ ಇರಲ್ಲ ಈಗ ಯಾಕೆ ಹೋಗ್ತೀಯ ಅಂತ ಕೆಲವರು ನಿಂಗೆ ಹೇಳಬಹುದು. ನಾನು ಒಪ್ಪಲ್ಲ. ಶಟ್‌ಡೌನ್‌ಗೆ ಮುಂಚಿನ ಹಂತವಾದ ರನ್ 3ರ ಡೇಟಾ ಅಗೆಯೋಕೆ ವರ್ಷಗಟ್ಟಲೆ ಕೆಲಸ ಇದೆ, ಜೊತೆಗೆ ಸಿಎಂಎಸ್‌ಗೆ ಟ್ರ್ಯಾಕರ್ (ಕಣಗಳ ದಾರಿ ಗುರುತಿಸೋ ಭಾಗ) ಪೂರ್ತಿ ಹೊಸದು, ಎರಡು ತುದಿಗಳಲ್ಲಿ ಕಣಗಳ ಶಕ್ತಿ ಅಳೆಯೋ ಎಂಡ್‌ಕ್ಯಾಪ್ ಕ್ಯಾಲೋರಿಮೀಟರ್ ಜಾಗಕ್ಕೆ ಎಚ್‌ಜಿಕ್ಯಾಲ್ ಅನ್ನೋ, ಬಹುಪಾಲು ಸಿಲಿಕಾನ್‌ನ ಹೊಸ ಕ್ಯಾಲೋರಿಮೀಟರ್, ಅದರಲ್ಲೇ ಸುಮಾರು 60 ಲಕ್ಷ ಚಾನೆಲ್. ಡಿಟೆಕ್ಟರ್‌ನ ಕೈಯಾರೆ ಮುಟ್ಟಿ ಕಲಿಯೋಕೆ ಇಂಥ ಕಾಲ ಪದೇ ಪದೇ ಬರಲ್ಲ. ನಮ್ಮ ಕೋಲಾರದ ಗಣೀಲಿ 1965ರಲ್ಲೇ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಅನ್ನೋ ಕಣಗಳನ್ನ ಹಿಡಿದ್ರಲ್ಲ, ಅವರೂ ಡಿಟೆಕ್ಟರ್‌ನ ತಾವೇ ಆಳಕ್ಕೆ ಇಳಿಸಿ ಜೋಡಿಸಿದವರು, ಆ ಕೆಲಸದ ಬಗ್ಗೆ ನಂಗೆ ಯಾವಾಗ್ಲೂ ಗೌರವ.

ಹಾಂ, ಭಾರತ 2017ರಲ್ಲಿ ಸರ್ನ್‌ನ ಅಸೋಸಿಯೇಟ್ ಮೆಂಬರ್ ಆಯ್ತು, ಹಂಗಾಗಿ ಸರ್ನ್‌ನವರದೇ ಫೆಲೋಶಿಪ್‌ಗೂ ನಾವು ಅರ್ಜಿ ಹಾಕಬಹುದು, ಅದನ್ನೂ ಬಿಡಬೇಡ.

ಇನ್ನು ಮನೆ. ಜಿನೀವಾದಲ್ಲಿ ಬಾಡಿಗೆ ಕೈಗೆಟುಕಲ್ಲ, ನಮ್ಮಲ್ಲಿ ಬಹಳ ಜನ ಗಡಿ ಆಚೆ ಫ್ರಾನ್ಸಲ್ಲಿ ಸ್ಯಾಂ-ಜನಿ, ಫೆರ್ನೆ, ತ್ವಾರಿ ಕಡೆ ಇರ್ತೀವಿ. ಸ್ವಿಸ್ ಖರ್ಚಿಗೆ ಜರ್ಮನ್ ಸಂಬಳ ಸಾಲಲ್ಲ, ಸರ್ನ್‌ನಲ್ಲಿ ಇರೋದಕ್ಕೆ ಎಕ್ಸ್‌ಟ್ರಾ ಅಲೋವೆನ್ಸ್ ಕೊಡ್ತೀರಾ ಅಂತ ಕೇಳೋಕೆ ಸಂಕೋಚ ಪಡಬೇಡ. ಮನೆ ಕೊಡೋರು ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕೇಳ್ತಾರೆ, ಹೊಸದಾಗಿ ಬಂದೋರ ಹತ್ರ ಎಲ್ಲಿರತ್ತೆ, ಅದಕ್ಕೆ ಮೊದಲ ವಾರಗಳಿಗೆ ಸರ್ನ್ ಹಾಸ್ಟೆಲ್ ಈಗ್ಲೇ ಬುಕ್ ಮಾಡು. ನವೆಂಬರಿಂದ ಮಂಜು ಮುಚ್ಕೊಂಡು ವಾರಗಟ್ಟಲೆ ಬಿಸಿಲೇ ಇರಲ್ಲ, ಬೀಜ್ ಅನ್ನೋ ಕೊರೆಯೋ ಚಳಿಗಾಳಿ ಬೇರೆ, ಊರಿನ ನೆನಪು ಜಾಸ್ತಿ ಕಾಡೋದೂ ಆಗ್ಲೇ. ಅಂಥ ದಿನ ಒಬ್ಬಳೇ ರೂಮಲ್ಲಿ ಕೂರಬೇಡ, ಜುರಾ ಬೆಟ್ಟ ಹತ್ತಿದ್ರೆ ಮೋಡದ ಮೇಲೆ ಬಿಸಿಲು ಸಿಗತ್ತೆ, ಇಲ್ಲಾಂದ್ರೆ ನಮ್ಮನೆ ಇದೆ, ಭಾನುವಾರ ಸಾರು ಅನ್ನ ಇದ್ದೇ ಇರತ್ತೆ. ಗ್ರೂಪಿನವರು ಮೂರನೇ ವರ್ಷದ ಬಗ್ಗೆ ಏನಂದ್ರು ಅಂತ ಬರಿ, ಕಾಂಟ್ರಾಕ್ಟ್ ಬಂದ್ರೆ ಸೈನ್ ಹಾಕೋ ಮುಂಚೆ ಇಬ್ರೂ ಕೂತು ಓದೋಣ.